ಜವುಗಿನಲ್ಲಿ ಏನೂ ಇಲ್ಲ

ಷೇರು, ಗಣಿ ಇಂಥವುಗಳ ಕತೆಯನ್ನು ಬಲ್ಲವರು ಹೇಳಬೇಕು. ಅರ್ಧಂಬರ್ಧ ತಿಳಿದ ನಾನು ಬಾಯಿ ಹಾಕುತ್ತಿರುವುದನ್ನು ಓದುಗರು ಮನ್ನಿಸಬೇಕು. ಆದರೆ ಔಲಿಸನ ಪಾಡನ್ನು ಯಾರೂ ಹೇಳದೆ ಹೋದರೆ ಅದೂ ಅನ್ಯಾಯವೇ.

ಉತ್ತರ ಧ್ರುವದ ಸಮೀಪದ ಲ್ಯಾಪ್‌ಲ್ಯಾಂಡಿನ ಒಂದು ಹಳ್ಳಿಯಲ್ಲಿ ಮಾರ್ಚ್ ತಿಂಗಳ ಒಂದು ಬುಧವಾರ. ಬೆಳಗಿನ ಕಾಫಿ ಬಗ್ಗಿಸುತ್ತ ಹೆಂಡತಿ ಸೈಮಿ ಹೇಳಿದಳು: "ನಾಳೆ ಒಲೆ ಕಟ್ಟೋನು ಬರ್ತಾನೆ. ಸೌನಾದ ದುಡ್ಡು ತೆಗೆದಿಟ್ಟಿರು."

ಔಲಿಸನ ಗಂಟಲಲ್ಲಿ ಬನ್ನು ಸಿಕ್ಕಿಕೊಂಡಿತು. ಮನೆಯ ಹಳೇ ಸೌನಾ, ಎಂದರೆ ಒಲೆ ಹೂಡಿ ಹಬೆ ಹಿಡಿಯುವ ಸ್ನಾನದ ಕೋಣೆ, ಸುಟ್ಟುಹೋದ ಮೇಲೆ ಹೊಸದಕ್ಕೆಂದು ಕೂಡಿಟ್ಟ ಹಣ ಬ್ಯಾಂಕಿನಲ್ಲಿರಲಿಲ್ಲ. ಊರಾಚೆಯ ಜವುಗಿನಲ್ಲಿ ಪ್ಲಾಟಿನಂ, ಪಲ್ಲಾಡಿಯಂ ಹುಡುಕುತ್ತಿದ್ದ ಒಂದು ಪುಟ್ಟ ಕೆನಡಾ ಕಂಪನಿಯ ಷೇರುಗಳಲ್ಲಿತ್ತು. ಆ ಕಂಪನಿಗೆ ಗಣಿ ಇರಲಿಲ್ಲ, ಅದಿರೂ ಇರಲಿಲ್ಲ. ಇದ್ದದ್ದು ಕೊರೆಯುವ ಯಂತ್ರ ಒಂದು, ಭರವಸೆ ಬೆಟ್ಟದಷ್ಟು. ಔಲಿಸ್ ಕೊಂಡ ಗಳಿಗೆಯಿಂದ ಷೇರಿನ ಬೆಲೆ ಒಲೆಯ ಮೇಲಿಟ್ಟ ಬೆಣ್ಣೆಯಂತೆ ಕರಗಿ ಅರ್ಧಕ್ಕೆ ಬಂದಿತ್ತು.

"ಏನು, ಮುಖ ಹಾಗಾಯ್ತು?"

"ಬನ್ನು ಒಣಗಿದೆ," ಎಂದವನೇ ಔಲಿಸ್ ಟ್ರ್ಯಾಕ್ಟರ್ ಹತ್ತಿದ.

ಕೊರೆಯುವ ಜಾಗಕ್ಕೆ ಹೋಗುವ ದಾರಿಯ ಹಿಮ ಬಾಚುವುದು ಅವನದೇ ಕೆಲಸ. ಏನಾದರೂ ಸಿಕ್ಕಿತೇ ಎಂದು ಯಂತ್ರದವನನ್ನು ಮೆಲ್ಲಗೆ ಕೇಳಿದ.

"ನಂಗೇನು ಗೊತ್ತಯ್ಯ? ಕಲ್ಲಿನ ಕಡ್ಡಿ ತೆಗೀತೀನಿ, ಪೆಟ್ಟಿಗೇಲಿ ಜೋಡಿಸ್ತೀನಿ. ಪರೀಕ್ಷೆಯವರು ಹೇಳೋದು ಬೇಸಿಗೆಗೆ."

ಒಲೆಯವನು ಬೇಸಿಗೆಯ ತನಕ ಕಾಯುವವನಲ್ಲ. ಸಪ್ಪೆ ಮೋರೆ ಹೊತ್ತು ಔಲಿಸ್ ಅಂಗಡಿಗೆ ಬಂದ. ಅಂಗಡಿಯ ಟೆಲ್ಲೆರ್ವೊ ಗಲ್ಲಾಪೆಟ್ಟಿಗೆಯ ಮೇಲೆ ಬಾಗಿ ಕೇಳಿದಳು: "ಏನಪ್ಪಾ, ಜವುಗಿಂದ ಬಂದ ಹಾಗಿದೆ. ಸಿಕ್ತಾ ಏನಾದ್ರೂ?"

ತನ್ನ ಹತ್ತಿರ ಷೇರು ಇದೆಯೆಂಬ ವಾಸನೆ ಬಡಿದರೂ ಸಾಕು, ಕ್ಷಣದಲ್ಲಿ ಸೈಮಿಯ ಕಿವಿ ಮುಟ್ಟುತ್ತದೆ. ಔಲಿಸ್ ಗಡಿಬಿಡಿಯಲ್ಲಿ ಹೇಳಿಬಿಟ್ಟ: "ಅಲ್ಲೇನಿದೆ? ಏನೂ ಇಲ್ಲ. ಬರೀ ಕಲ್ಲು."

ಟೆಲ್ಲೆರ್ವೊಳ ಕಣ್ಣು ಲಾಂದ್ರದಂತೆ ಹೊತ್ತಿಕೊಂಡಿತು.

ಅದಕ್ಕೆ ಕಾರಣವಿದೆ. ಜವುಗಿನಲ್ಲಿ ಬೆಳೆಯುವ ಹಿಲ್ಲ ಎಂಬ ಹೊಂಬಣ್ಣದ ಹಣ್ಣು ಎಲ್ಲಿ ತುಂಬಿ ಬಿಟ್ಟಿದೆ ಎಂಬುದನ್ನು ಅಲ್ಲಿನವರು ಹೆತ್ತ ಮಗಳಿಗೂ ಹೇಳುವುದಿಲ್ಲ. ಬಕೆಟ್ ತುಂಬಿಸಿಕೊಂಡು ಬರುವವನೂ "ಆ ಕಡೆ ಏನೂ ಇಲ್ಲಪ್ಪ, ಸೊಳ್ಳೆ ಅಷ್ಟೇ" ಅನ್ನುತ್ತಾನೆ. ಕೇಳಿದವರು ಮಾರನೆಯ ದಿನ ಬುಟ್ಟಿ ಹಿಡಿದು ಅದೇ ಕಡೆ ನಡೆಯುತ್ತಾರೆ.

ಮಧ್ಯಾಹ್ನ ಊರ ಸೌನಾದಲ್ಲಿ ಗಂಡಸರ ಸರದಿ. ಔಲಿಸ್ ಮೇಲಿನ ಹಲಗೆ ಹತ್ತುವ ಮೊದಲೇ ಸುದ್ದಿ ಹತ್ತಿ ಕೂತಿತ್ತು. ನಿವೃತ್ತ ಅರಣ್ಯ ಕಾವಲುಗಾರ ರೈಮೊ ಕಾದ ಕಲ್ಲಿನ ಮೇಲೆ ನೀರು ಚೆಲ್ಲಿ, ಆವಿಯೊಳಗಿಂದ ಕೇಳಿದ: "ಲೋ ಔಲಿಸ್, ಬರೀ ಕಲ್ಲಂತೆ?"

"ಹೌದು ಮಾರಾಯ. ಕಲ್ಲು, ಕೆಸರು."

"ಸೊಳ್ಳೆ?"

"ಮಾರ್ಚ್‌ನಲ್ಲಿ ಎಲ್ಲಿಯ ಸೊಳ್ಳೆ! ಆಣೆ ಮಾಡಿ ಹೇಳ್ತೀನಿ, ಅಲ್ಲಿ ಏನೂ ಇಲ್ಲ!"

"ಅಬ್ಬಾ! ಆಣೆ ಬೇರೆ!" ರೈಮೊ ಪಕ್ಕದವನ ಬೆತ್ತಲೆ ಬೆನ್ನಿಗೆ ಒಂದು ಬಾರಿಸಿದ. "ಇವರಪ್ಪ ಹಣ್ಣಿನ ಜಾಗ ಕೇಳಿದ್ರೆ ಇಲ್ಲ ಅಂತ ಬರೀ ತಲೆ ಅಲ್ಲಾಡಿಸ್ತಿದ್ದ. ಮಗ ಆಣೆ ಇಡ್ತಾನೆ ಅಂದ್ರೆ ಎಷ್ಟಿರಬೇಕು, ಲೆಕ್ಕ ಹಾಕು!"

ಇನ್ನೊಂದು ಸೌಟು ನೀರು ಬೀಳುವಷ್ಟರಲ್ಲಿ ಹಲಗೆ ಖಾಲಿ. ಮೈಯಿಂದ ಹಬೆ ಏಳುತ್ತಿದ್ದ ಗಂಡಸರು ಬಟ್ಟೆ ಹಾಕಿಕೊಳ್ಳುವ ಮೊದಲೇ ಫೋನು ಹುಡುಕುತ್ತಿದ್ದರು.

ಕೆನಡಾದ ಪೇಟೆ ತೆರೆಯುವುದು ಅಲ್ಲಿನ ಸಂಜೆಗೆ. ನಾಲ್ಕು ಜನ ಕೊಂಡರೆ ಏರುವ, ಒಬ್ಬ ಕೆಮ್ಮಿದರೆ ಇಳಿಯುವ ಷೇರು ಅದು. ಸೌದೆ ಕೊಟ್ಟಿಗೆಯ ಮೆಟ್ಟಿಲ ಮೇಲೆ ಕುಳಿತು ಫೋನು ನೋಡಿದ ಔಲಿಸ್ ಕಣ್ಣುಜ್ಜಿಕೊಂಡ. ಬೆಲೆ ಏರುತ್ತಿತ್ತು. ತಾನು ಕೊಟ್ಟಷ್ಟಕ್ಕೆ ಬಂತು, ಅದರ ಮೇಲೂ ಒಂದಿಷ್ಟು ಹೋಯಿತು. ಚಳಿಗೆ ಮರಗಟ್ಟಿದ ಬೆರಳಿನಿಂದ ಒಂದೇ ಏಟಿಗೆ ಎಲ್ಲವನ್ನೂ ಮಾರಾಟಕ್ಕಿಟ್ಟ. ಕಣ್ಣು ಮಿಟುಕಿಸುವುದರೊಳಗೆ ಯಾರೋ ಪುಣ್ಯಾತ್ಮರು ಇಡೀ ಗಂಟನ್ನೇ ಎತ್ತಿಕೊಂಡರು.

ಎದೆಯ ಮೇಲಿನ ಬಂಡೆ ಉರುಳಿತು. ಔಲಿಸ್ ಶಿಳ್ಳೆ ಹಾಕುತ್ತ ಅಡುಗೆಮನೆಗೆ ಬಂದ.

"ಒಲೆಯವನ ದುಡ್ಡು ತಯಾರು!"

ಸೈಮಿ ಕಾಫಿ ಬಗ್ಗಿಸಿದಳು. ಅಪರೂಪಕ್ಕೆ ಎರಡನೇ ಬನ್ನನ್ನೂ ತಾನಾಗಿ ಮುಂದಿಟ್ಟಳು. "ಒಂದ್ ವಿಷಯ ಹೇಳ್ತೀನಿ, ಬೈಬೇಡ."

"ಇವತ್ತು ನಾನು ಯಾರಿಗೂ ಬೈಯಲ್ಲ."

"ನಿನ್ನ ದೋಣಿಗೆ ಹೊಸ ಮೋಟಾರ್ ತರೋಣ ಅಂತ ನಿಂಗೆ ಗೊತ್ತಿಲ್ದಂಗೆ ದುಡ್ಡು ಇಟ್ಟಿದ್ದೆ. ಅಂಗಡೀಲಿ ಟೆಲ್ಲೆರ್ವೊ ಹೇಳಿದ್ಲು, ನೀನು ಸೌನಾದಲ್ಲಿ ಆಣೆ ಮಾಡಿ ಏನೂ ಇಲ್ಲ ಅಂದ್ಯಂತೆ. ನನ್ಗೆ ಗೊತ್ತಾಗಲ್ವಾ? ಮೂವತ್ತು ವರ್ಷ ನಿನ್ನ ಜೊತೆ ಹಣ್ಣು ಆಯ್ದಿದೀನಿ." ಅವಳು ದನಿ ತಗ್ಗಿಸಿದಳು. "ಆ ಷೇರು ಕೊಂಡೆ. ಅದೃಷ್ಟ ನೋಡು, ಯಾವನೋ ಮುಠ್ಠಾಳ ಅಷ್ಟನ್ನೂ ಒಟ್ಟಿಗೇ ಮಾರೋಕೆ ಇಟ್ಟಿದ್ದ. ಒಂದೂ ಬಿಡ್ಲಿಲ್ಲ!"

"ಎಷ್ಟು?" ಔಲಿಸನ ದನಿ ಬಾವಿಯೊಳಗಿಂದ ಬಂದಂತಿತ್ತು.

"ನಲವತ್ತೊಂದು ಸಾವಿರ ಷೇರು."

ಕೊಟ್ಟಿಗೆಯ ಮೆಟ್ಟಿಲ ಮೇಲೆ ಅವನು ಒತ್ತಿದ್ದೂ ಅದೇ ಸಂಖ್ಯೆ.

ಔಲಿಸ್ ಬನ್ನನ್ನು ಕಾಫಿಯಲ್ಲಿ ಅದ್ದಿದ, ಮತ್ತೆ ಅದ್ದಿದ. ಮೋಟಾರ್ ಹೋಯಿತು. ಆದರೆ ಸೌನಾ ಉಳಿಯಿತು. ಬೈಸಿಕೊಳ್ಳಬೇಕಾದವನು ಕ್ಷಮಿಸುವವನ ಕುರ್ಚಿಯಲ್ಲಿ ಕೂತಿದ್ದ, ಅದೇನು ಸಣ್ಣ ಮಾತೇ? "ಇರ್ಲಿ ಬಿಡು, ಹುಟ್ಟು ಹಾಕೋಕೆ ನಂಗೆ ತೋಳಿದೆ," ಎಂದು ನಿಟ್ಟುಸಿರುಬಿಟ್ಟ.

ಜವುಗಿನ ಅಡಿಯಲ್ಲಿ ಪ್ಲಾಟಿನಂ ಇದೆಯೋ ಇಲ್ಲವೋ, ಪರೀಕ್ಷೆಯವರು ಇನ್ನೂ ಹೇಳಿಲ್ಲ. ಆ ಮುಠ್ಠಾಳ ಯಾರೆಂದು ಸೈಮಿಗೆ ಗೊತ್ತಿತ್ತೇ? ಅದು ನನಗೂ ತಿಳಿಯದು.