ಭಾರ ಎತ್ತುವವಳ ಎಲೆಕ್ಷನ್

ರಿಟೈರಾದ ಮೇಲೆ ನಗು ಕಮ್ಮಿಯಾಗುತ್ತದೆ ಅನ್ನುವವರು ಒಮ್ಮೆ ಎಲೆಕ್ಷನ್ ಪ್ರಚಾರಕ್ಕೆ ಹೋಗಿಬರಬೇಕು. ಕಡೂರಿನ ಕಾಲೇಜಿನಲ್ಲಿ ನಾನು ರಾಜ್ಯಶಾಸ್ತ್ರ ಕಲಿಸುತ್ತಿದ್ದಾಗ ಕ್ಲಾಸಿಗೆ ಬಾರದೆ ಕಬ್ಬಿಣ ಎತ್ತಿಕೊಂಡಿದ್ದ ಹುಡುಗಿಯೊಬ್ಬಳು ವೇಟ್‌ಲಿಫ್ಟಿಂಗ್‌ನಲ್ಲಿ ದೇಶಕ್ಕೇ ಚಾಂಪಿಯನ್ ಆದಳು. ಆಮೇಲೆ ತರೀಕೆರೆ ಕಡೆಗೆ ಸೊಸೆಯಾಗಿ ಬಂದು ಎಲೆಕ್ಷನ್‌ಗೂ ನಿಂತಳು.

"ಸಾರ್, ಭಾಷಣ ನೀವೇ ಬರ್ಕೊಡಿ. ಸ್ಪೋರ್ಟ್ಸ್ ಕೋಟಾದ ನೌಕರಿಗೆ ರಾಜೀನಾಮೆ ಕೊಟ್ಟು ಬಂದಿದೀನಿ. ಸೋತ್ರೆ ಅದೂ ಇಲ್ಲ, ಇದೂ ಇಲ್ಲ" ಅಂದಳು. ಪಾಠಕ್ಕೆ ಸಿಗದವಳು ಭಾಷಣಕ್ಕಾದರೂ ಸಿಕ್ಕಳಲ್ಲ ಅಂತ ಹೊರಟೇಬಿಟ್ಟೆ.

ಅಟ್ಟದ ಮೂಟೆ

ತರೀಕೆರೆ ಪಕ್ಕದ ಒಂದು ಹಳ್ಳಿ. ನಾವು ಕೈಮುಗಿದ ಕೂಡಲೇ ಜಗಲಿ ಮೇಲಿದ್ದ ಅಜ್ಜಿ, "ಭಾರ ಎತ್ತೋಳು ನೀನೇಯಾ? ಆ ರಾಗಿ ಮೂಟೆ ಅಟ್ಟಕ್ಕೆ ಹಾಕವ್ವ" ಅಂತು. ಹಾಕಿದಳು. "ಹಂಗೇ ಆ ಬೀರೂನೂ ಈ ಗೋಡೆಗೆ ತಳ್ಳವ್ವ." ತಳ್ಳಿದಳು. ಸುದ್ದಿ ಹಬ್ಬಿ ಅಕ್ಕಪಕ್ಕದವರೂ ಕರೆದರು. ಎದುರಾಳಿ ಊರೆಲ್ಲ ಸುತ್ತಿ ಮುಗಿಸಿದಾಗ ನಾವಿನ್ನೂ ಅದೇ ಬೀದಿಯಲ್ಲಿ!

ಹೊರಡುವಾಗ, "ಅಜ್ಜಿ, ಓಟು ಮರೀಬ್ಯಾಡಿ" ಅಂದೆ.

"ನನ್ನ ಓಟು ಸಿಂಗಟಗೆರೇಲಿ ಐತೆ ಕಣಪ್ಪ, ಕಡೂರ್ ಕಡೆ. ಇಲ್ಲಿಗೆ ಮಗಳ ಬಾಣಂತನಕ್ಕೆ ಬಂದಿದೀನಿ."

ಮೊದಲ ಭಾಷಣ

ಈ ಭಾರ ಎತ್ತುವವರು ಎತ್ತುವ ಮುಂಚೆ ಉಸಿರೆಳೆದು ಒಂದು ಕೂಗು ಹಾಕುತ್ತಾರೆ. ತರೀಕೆರೆಯ ವೇದಿಕೆ ಹತ್ತಿದ ಗಾಬರಿಯಲ್ಲಿ ಇವಳಿಗೆ ಹಳೇ ಅಭ್ಯಾಸ ಎದ್ದು ಬಂತು. ಮೈಕ್ ಸ್ಟ್ಯಾಂಡನ್ನು ಎರಡೂ ಕೈಲಿ ಹಿಡಿದು "ಹಾsss!" ಅಂದಳು. ಮುಂದಿನ ಸಾಲಿನ ಹಿರಿಯರೊಬ್ಬರು ಕುರ್ಚಿ ಸಮೇತ ಹಿಂದಕ್ಕೆ ಮಗುಚಿದರು. ನಾನು ಬರೆದ ಭಾಷಣ, ಪ್ರಜಾಪ್ರಭುತ್ವದ ವ್ಯಾಖ್ಯೆ ಸಮೇತ, ಗಾಳಿಗೆ ಹೋಯಿತು.

ಎತ್ತಿ ಕೂರಿಸಿದ ಮೇಲೆ ಹಿರಿಯರು ಪಂಚೆ ಕೊಡವುತ್ತಾ ಅಂದರು: "ಇಷ್ಟು ವರ್ಷ ಭಾಷಣ ಕೇಳಿದೀನಿ ಕಣ್ರೀ, ನಿದ್ದೆ ಬರ್ದೇ ಇದ್ದದ್ದು ಇದೇ ಮೊದಲು."

ತುಲಾಭಾರ

ಅಜ್ಜಂಪುರದ ಓಟು ಬಿದ್ದರೆ ಗೆಲುವು, ಇಲ್ಲದಿದ್ದರೆ ಮನೆ ಅನ್ನುವ ಪರಿಸ್ಥಿತಿ. ಅಲ್ಲಿನ ಕಾರ್ಯಕರ್ತರು ಮಠದಲ್ಲಿ ಇವಳಿಗೆ ಬೆಲ್ಲದ ತುಲಾಭಾರ ಇಟ್ಟರು. ತೂಗಿದ ಬೆಲ್ಲ ದಾಸೋಹಕ್ಕೆ. ಭಾರ ಹೆಚ್ಚಿದಷ್ಟೂ ಭಕ್ತರಿಗೆ ಖುಷಿ. ಆದರೆ ಇವಳ ಆಟದಲ್ಲಿ ಮೈತೂಕ ಒಂಚೂರು ಮೀರಿದರೂ ಆಚೆ ಹಾಕುತ್ತಾರೆ. ತಕ್ಕಡಿ ಅಂದದ್ದೇ ತಡ, ಪುಣ್ಯಾತ್ಗಿತ್ತಿ ಹಿಂದಿನ ದಿನದಿಂದಲೇ ಊಟ, ನೀರು ಬಿಟ್ಟಿದ್ದಾಳೆ! ಮಠದಲ್ಲಿ ಬಳೆ, ವಾಚು, ಓಲೆ ಎಲ್ಲ ಬಿಚ್ಚಿ ನನ್ನ ಕೈಗಿಟ್ಟಳು.

"ಏನಮ್ಮಾ ಇದು?"

"ಸುಮ್ನಿರಿ ಸಾರ್, ತೂಕ ಇಳೀಲಿ."

ಎದುರು ತಟ್ಟೆಯಲ್ಲಿ ಅವಳ ತೂಕ ಅಂದಾಜು ಮಾಡಿ ಮೊದಲೇ ಬೆಲ್ಲ ಪೇರಿಸಿದ್ದರು. ಕೂತದ್ದೇ ಅವಳ ತಟ್ಟೆ ಮೇಲಕ್ಕೆ ಹಾರಿತು. ಕಾರ್ಯಕರ್ತರು ಹುಳ್ಳಗೆ ನಗುತ್ತಾ ಅಚ್ಚುಬೆಲ್ಲ ವಾಪಸ್ ತೆಗೆಯತೊಡಗಿದರು. ಎದುರಾಳಿ ಕಡೆಯವರು ಬಳೆ ಬಿಚ್ಚಿದ್ದರಿಂದ ಹಿಡಿದು ಎಲ್ಲ ವಿಡಿಯೋ ಮಾಡಿ, "ಮಠದ ಬೆಲ್ಲಾನೂ ಬಿಡ್ಲಿಲ್ಲ" ಅಂತ ಊರಿಗೆಲ್ಲ ಹಂಚಿದರು. ಮುಗೀತು, ಹುಡುಗಿ ನೌಕರೀನೂ ಕಳಕೊಂಡಳು ಅಂದುಕೊಂಡೆ.

ಗೆದ್ದಳು ಸ್ವಾಮಿ! ಹೋಟೆಲಿನಲ್ಲಿ ಆ ವಿಡಿಯೋ ನೋಡುತ್ತಾ ಕಾಫಿ ಕುಡಿಯುತ್ತಿದ್ದ ಮುದುಕರೊಬ್ಬರು ಆಡಿದ ಮಾತು ವಿಡಿಯೋಗಿಂತ ಜೋರಾಗಿ ಊರೂರು ಓಡಿತ್ತು:

"ಲೇ, ರಾಜಕೀಯಕ್ಕೆ ಬಂದು ತೂಕ ಇಳಿಸ್ಕೊಂಡೋರ್ನ ಎಲ್ಲಾದ್ರೂ ಕಂಡಿದೀರೇನ್ರೋ? ಇವಳೊಬ್ಬಳೇ ಕಣ್ರೋ. ಹಾಕ್ರೋ ಓಟು!"