ಅಂಗೈಯಗಲದ ಒದ್ದೆ

ಬಿಸಿಲೊಂದಕ್ಕೇ ಇಷ್ಟು ಶಕ್ತಿಯುಂಟೆ? ಹಾಗಾದರೆ ಎಂಟು ತಿಂಗಳಿಂದ ತಾನು ನಂಬಿದ್ದೆಲ್ಲ ಸುಳ್ಳೆ? ಈ ಸಂಶಯದ ಸುಳಿಗೆ ಸಿಕ್ಕಿ, ಮೌನವ್ರತಧುರಂಧರನೂ ಮೃತ್ತಿಕಾಶ್ವಾಸಪರೀಕ್ಷಾಪಾರಂಗತನೂ ಎರಡು ಸಲ ಮುಂದೂಡಿದ ಮಹಾಪ್ರಬಂಧದ ಒಡೆಯನೂ ಆದ ಪಶುಪತಿಯು ಚಳ್ಳಕೆರೆ ಸೀಮೆಯ ಹುಲ್ಲುಗಾವಲಿನಲ್ಲಿ ಮಂಡಿಯೂರಿದ್ದನು. ಭೂಮಿ ಕಾದು ಬಿಸಿಯೇರುತ್ತಿರುವ ಈ ಯುಗದ ಅಧಿದೇವತೆಯೇ, ಆ ಚೈತ್ರದ ಮಧ್ಯಾಹ್ನವನ್ನು ಹಾಡಲು ನಾಲಿಗೆಗೆ ತುಸು ತೇವ ಕೊಡು. ನೆಲಕ್ಕೆ ಮಾತ್ರ ಬೇಡ!

ಅವನ ಸಾಮ್ರಾಜ್ಯ ಎರಡು ಮಾರು ಉದ್ದ, ಎರಡು ಮಾರು ಅಗಲ, ಮೇಲೆ ಮಳೆ ತಡೆಯಲೊಂದು ಪ್ಲಾಸ್ಟಿಕ್ ಸೂರು. ನೆಲ ಎಷ್ಟೇ ಕಾದರೂ ನೀರಿಲ್ಲದೆ ಮಣ್ಣಿನ ಸೂಕ್ಷ್ಮಜೀವಿಗಳು ಏಳವು, ಅವು ಏಳದೆ ಇಂಗಾಲ ಹೊರಬೀಳದು ಎಂಬುದು ಅವನ ವಾದ. ಆ ಇಂಗಾಲವನ್ನು ಅಳೆಯುವ ಯಂತ್ರದಲ್ಲಿ ಬೆಳಿಗ್ಗೆ ಅರ್ಧ ದಾಟದಿದ್ದ ಅಂಕಿ ಊಟದ ಬಳಿಕ ಏಳಕ್ಕೆ ಹಾರಿತ್ತು. ನಾಲ್ಕು ಗಂಟೆಗೆ ಪ್ರಬಂಧದ ಗೈಡ್ ಬರುವವರಿದ್ದರು.

ಆಗ ಹುಲ್ಲಿನ ಬುಡದಲ್ಲಿ ಅಂಗೈಯಗಲದ ಒದ್ದೆ ಕಂಡಿತು.

ಪ್ರಳಯಕಾಲದ ರುದ್ರನಂತೆ ಎದ್ದವನು, ಜಾಲಿಯ ನೆರಳಲ್ಲಿ ಎಲೆಯಡಿಕೆ ಮೆಲ್ಲುತ್ತಿದ್ದ ಕಾವಲಿನ ಪಾಲಕ್ಕನ ಮೇಲೆ ದಂಡೆತ್ತಿ ಹೋದನು.

"ಎಲೌ ಪಾಲಕ್ಕ! ಮುಂಗಾರನ್ನು ಸೂರಿನ ಮೇಲೇ ತಡೆದವನು ನಾನು! ಹಿಂಗಾರನ್ನು ಹಳ್ಳಕ್ಕೆ ಅಟ್ಟಿದವನು ನಾನು! ನನ್ನ ಕೋಟೆಯೊಳಗೆ ನೀರು ಹಾಕಿದ ಕೈ ಯಾವುದು?"

"ಏನ್ ಸಾ, ನಾಟ್ಕದ ಮಾತಾಡ್ತೀರಿ?"

"ಸರ್ ಬಂದ್ರೆ ನಿನ್ ಹೆಸರೇ ಹೇಳ್ತೀನಿ. ನಾಳೆಯಿಂದ ಕೆಲಸ ಇರಲ್ಲ."

ಪಾಲಕ್ಕ ಸೆರಗು ಬಿಗಿದು ಎದ್ದಳು. "ಎಂಟು ತಿಂಗ್ಳು ದನ ಅಟ್ಟೀನಿ, ಕುರಿ ಅಟ್ಟೀನಿ. ಮೊನ್ನೆ ನರಿ ಕಾಲೆತ್ತಾಕೆ ಬಂದ್ರೆ ಕಲ್ ತಗಂಡು ಕೆರೆಗಂಟ ಓಡ್ಸೀನಿ. ನನ್ ಮ್ಯಾಲೆ ಹಾಕ್ತೀರಾ?"

ಅವಳು ಬಂದು ಬಗ್ಗಿ, ಒದ್ದೆಯಿಂದ ಅರಿಸಿನ ಹತ್ತಿದ ಒಂದು ಕಡಲೆಬೀಜವನ್ನು ಎತ್ತಿ ಹಿಡಿದಳು. "ನಾನು ತಂದಿದ್ದು ರೊಟ್ಟಿ. ಚಿತ್ರಾನ್ನ ಯಾರ್ದು ಸಾ?"

ಉಂಡ ಕೈ ತೊಳೆದ ನೀರು ಗಿಡದ ಬುಡಕ್ಕೇ ಬೀಳಬೇಕೆಂದು ಪಶುಪತಿಗೆ ಅವನ ಅಜ್ಜಿ ಮೊಟಕಿ ಕಲಿಸಿದ್ದಳು. ಯೋಚನೆಯಲ್ಲಿ ಮುಳುಗಿದ್ದಾಗ ಕೈ ಆ ಪಾಠವನ್ನು ತಾನಾಗಿ ಒಪ್ಪಿಸಿತ್ತು. ಒಂದು ಬೊಗಸೆ ನೀರಿಗೇ ಮಣ್ಣು ಹಿಡಿದಿಟ್ಟ ಉಸಿರನ್ನೆಲ್ಲ ಬಿಟ್ಟಿತ್ತು. ವಾದ ಗೆದ್ದಿತ್ತು, ವಾದಿಯ ಮುಖ ಒಣಗಿತ್ತು.

"ಇರುವೆ ತಂದಿರಬೇಕು."

"ನೀರೂ ಇರುವೇನೇ ಹೊತ್ಕಂಡ್ ಬಂತಾ?"

ಅಷ್ಟರಲ್ಲಿ ಜೀಪು ಬಂತು. ಗೈಡ್ ಅಂಕಿ ನೋಡಿದರು, ಒದ್ದೆ ನೋಡಿದರು. "ಯಾರ್ರೀ ನೀರು ಹಾಕಿದ್ದು?"

ಪಶುಪತಿಯು ತನ್ನ ಲೋಕವಿಖ್ಯಾತ ಮೌನಕವಚವನ್ನು ತೊಟ್ಟನು. ಪಾಲಕ್ಕ ಅವನ ಮುಖವನ್ನೇ ನೋಡಿದಳು. ಆಮೇಲೆ ಕಡಲೆಬೀಜವನ್ನು ಮುಷ್ಟಿಯೊಳಗೆ ಮುಚ್ಚಿಕೊಂಡು, "ನನ್ ಚೊಂಬು ಉಳ್ಳಿ ನೀರು ಚೆಲ್ಲೋತು ಸಾ," ಎಂದಳು.

"ಹೋಗ್ಲಿ ಬಿಡಮ್ಮ. ಪಶುಪತಿ, ಇದನ್ನೂ ಬರ್ಕೊಳ್ಳಿ, ಒಳ್ಳೇ ಅಂಕಿ," ಎಂದ ಗೈಡ್, ಟೀ ಇದೆಯೇ ಎಂದು ಕೇಳಿದರು.

ತೊಳೆದ ಕೈ ತನ್ನದೆಂದು ಪಶುಪತಿ ಆಗ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.