ಕುಂಬಳಕಾಯಿಯ ಅರ್ಥಶಾಸ್ತ್ರ

ಎಬೆನೇಜರ್ ಹೇಳಿದ್ದು ಒಂದೇ ಒಂದು ಸುಳ್ಳು. ಅದನ್ನೂ ಕಾರಿಡಾರಿನಲ್ಲಿ, ನಡೆಯುತ್ತಲೇ, ಅರ್ಧ ಬಾಯಲ್ಲಿ ಹೇಳಿದ್ದ.

"ಭಾನುವಾರ ಸುಗ್ಗಿ ಹಬ್ಬ. ಹರಾಜು ಎಂದಿನ ಹಾಗೆ ನಿಮ್ದೇ ತಾನೆ?" ಎಂದು ಪ್ರಿನ್ಸಿಪಾಲ್ ಯೋಯೇಲರು ಕೇಳಿದ್ದರು.

"ಈ ಸಲ ಆಗಲ್ಲ ಸರ್. ಒಂದು ಸಂಶೋಧನಾ ಪ್ರಬಂಧ ಬರೀತಿದೀನಿ. ಉಸಿರಾಡೋಕೂ ಪುರುಸೊತ್ತಿಲ್ಲ."

ಪ್ರಿನ್ಸಿಪಾಲರು ನಿಂತುಬಿಟ್ಟರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, ಎಬೆನೇಜರನನ್ನು ಹೊಸದಾಗಿ ನೇಮಕವಾದವನನ್ನು ನೋಡುವಂತೆ ನೋಡಿದರು. "ದೇವರಿಗೆ ಸ್ತೋತ್ರ" ಎಂದರು.

ಹಾಸನದ ಬೆರಾಕ ಮಿಷನ್ ಕಾಲೇಜಿನಲ್ಲಿ ಎಬೆನೇಜರ್ ಅರ್ಥಶಾಸ್ತ್ರದ ಅಧ್ಯಾಪಕ. ಆದರೆ ಊರಿಗೆ ಅವನು ಹರಾಜಿನ ಎಬ್ಬಣ್ಣ. ಪ್ರತಿವರ್ಷ ಸುಗ್ಗಿ ಹಬ್ಬದಂದು ಸಭೆಯವರು ತಮ್ಮ ದುಡಿಮೆಯ ಪ್ರಥಮ ಫಲವನ್ನು ಚರ್ಚಿಗೆ ತರುತ್ತಾರೆ. ಕುಂಬಳಕಾಯಿ, ಬಾಳೆಗೊನೆ, ಕಾಲು ಕಟ್ಟಿದ ಹುಂಜ, ಒಂದು ಕುಕ್ಕೆ ಮೊಟ್ಟೆ, ಏನಾದರೂ ಸರಿ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಅವನ್ನೆಲ್ಲ ಹರಾಜು ಹಾಕುತ್ತಾರೆ. ಕೂಗುವವನು ಎಬೆನೇಜರ್. ಅವನ ಗಂಟಲು ಅಂಥದ್ದು: ಚರ್ಚಿನಲ್ಲಿ ಕೂಗಿದರೆ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರುಗಳು ತಿರುಗಿ ನೋಡುತ್ತಿದ್ದರು.

ಅದರಿಂದಲೇ ಅವನ ಮಾನ ಹೋಗಿದ್ದು. ತರಗತಿಯಲ್ಲಿ ಒಂದು ಪ್ರಶ್ನೆ ಕೇಳಿ ಉತ್ತರಕ್ಕೆ ಕಾದರೆ ಹಿಂದಿನ ಬೆಂಚಿನಿಂದ "ಒಂದನೇ ಸಾರಿ... ಎರಡನೇ ಸಾರಿ..." ಎಂದು ಶುರುವಾಗುತ್ತಿತ್ತು. ಅದನ್ನಾದರೂ ಸಹಿಸಬಹುದಿತ್ತು. ಹೋದ ತಿಂಗಳು ಮಗಳು ಧನ್ಯಾಳನ್ನು ಶಾಲೆಯಲ್ಲಿ ಟೀಚರು "ನಿಮ್ಮಪ್ಪ ಏನ್ ಮಾಡ್ತಾರೆ?" ಎಂದು ಕೇಳಿದಾಗ, ಅವಳು ಎದ್ದು ನಿಂತು ಹೆಮ್ಮೆಯಿಂದ "ಹರಾಜು ಹಾಕ್ತಾರೆ ಮಿಸ್" ಎಂದಿದ್ದಳು. ಮನೆಗೆ ಬಂದು ಅದನ್ನು ಹೇಳಿದಾಗಲೂ ಅದೇ ಹೆಮ್ಮೆ. ಆ ರಾತ್ರಿ ಎಬೆನೇಜರ್ ಊಟ ಬಿಟ್ಟು ಒಂದು ನಿಶ್ಚಯ ಮಾಡಿದ. ಇನ್ನು ಕುಂಬಳಕಾಯಿಯ ಸಹವಾಸ ಸಾಕು. ತನ್ನನ್ನು ಮೇಷ್ಟ್ರು ಎಂದೇ ಜನ ಕರೆಯಬೇಕು.

ಸುಳ್ಳು ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಬೆರಾಕ ಕಾಲೇಜಿನಲ್ಲಿ ಬೆಳಿಗ್ಗೆ ಪಾಠ ಶುರುವಾಗುವ ಮುಂಚೆ ಸ್ಟಾಫ್ ರೂಮಿನಲ್ಲಿ ಪ್ರಾರ್ಥನೆ ಇರುತ್ತಿತ್ತು. ಅಧ್ಯಾಪಕರ ಕಷ್ಟಸುಖಗಳನ್ನೆಲ್ಲ ಪ್ರಿನ್ಸಿಪಾಲರು ಒಂದೊಂದಾಗಿ ದೇವರ ಮುಂದಿಡುತ್ತಿದ್ದರು. ಉಳಿದವರು "ಕರ್ತನೇ, ಕೇಳು" ಎನ್ನುತ್ತಿದ್ದರು. ದೇವರು ಕೇಳುತ್ತಿದ್ದನೋ ಇಲ್ಲವೋ, ಸ್ಟಾಫ್ ರೂಮಂತೂ ಕಿವಿಗೊಟ್ಟು ಕೇಳುತ್ತಿತ್ತು. ಯಾರಿಗೆ ಗ್ಯಾಸ್ ಟ್ರಬಲ್, ಯಾರ ತಂಗಿಗೆ ಗಂಡು ನೋಡುತ್ತಿದ್ದಾರೆ ಎಂಬುದೆಲ್ಲ ಎಲ್ಲರಿಗೂ ಗೊತ್ತಾಗುತ್ತಿದ್ದುದು ಹೀಗೆಯೇ.

"ಕರ್ತನೇ," ಎಂದರು ಮರುದಿನ ಯೋಯೇಲರು ಕಣ್ಣು ಮುಚ್ಚಿ, "ಮುಂದಿನ ವರ್ಷ ಮೌಲ್ಯಮಾಪನ ಸಮಿತಿ ಬರುವಾಗ ನಮ್ಮ ಅಧ್ಯಾಪಕರು ಏನು ಬರೆದಿದ್ದಾರೆ ಎಂದು ಕೇಳುತ್ತಾರೆ. ಲೈಬ್ರರಿಯಲ್ಲಿ ಅದಕ್ಕೆಂದೇ ಇಟ್ಟ ಕಪಾಟಿನಲ್ಲಿ ಇವತ್ತಿನವರೆಗೆ ಅಟೆಂಡರ್ ಲಕ್ಕಯ್ಯನ ಟಿಫಿನ್ ಕ್ಯಾರಿಯರ್ ಮಾತ್ರ ಇದೆ. ಇಂಥ ಬರಡು ಭೂಮಿಯಲ್ಲಿ ನಮ್ಮ ಸಹೋದರ ಎಬೆನೇಜರನ ಲೇಖನಿಯನ್ನು ನೀನು ಎಬ್ಬಿಸಿದ್ದೀ. ಅವನ ಪ್ರಬಂಧವನ್ನು ಆಶೀರ್ವದಿಸು."

"ಕರ್ತನೇ, ಕೇಳು" ಎಂದಿತು ಸ್ಟಾಫ್ ರೂಮು. ಎಬೆನೇಜರ್ ಮುಚ್ಚಿದ್ದ ಕಣ್ಣು ತೆರೆದುಬಿಟ್ಟ. ಕಾರಿಡಾರಿನಲ್ಲಿ ಹೇಳಿದ ಸುಳ್ಳನ್ನು ಹಿಂದಕ್ಕೆ ತೆಗೆದುಕೊಳ್ಳಬಹುದು. ದೇವರವರೆಗೆ ಹೋದದ್ದನ್ನು ತರುವುದು ಹೇಗೆ?

ಕನ್ನಡದ ಗಿರಿಧರ ಹೊಳೆನರಸೀಪುರದ ಪುರೋಹಿತರ ಮನೆಯವನು. ಎರಡೂ ಧರ್ಮಗಳಿಗೆ ನ್ಯಾಯ ಸಲ್ಲಲೆಂದು ಪ್ರಾರ್ಥನೆಯಲ್ಲಿ ಒಂದೇ ಕಣ್ಣು ಮುಚ್ಚುತ್ತಿದ್ದ. ತೆರೆದಿದ್ದ ಕಣ್ಣಿನಲ್ಲಿ ಅವನು ಎಬೆನೇಜರನ ಮುಖ ನೋಡಿಬಿಟ್ಟಿದ್ದ.

"ಅಲ್ರೀ, ಪ್ರಬಂಧ ಯಾವುದರ ಮೇಲೆ?" ಎಂದು ಕೇಳಿದ, ಆಮೆನ್ ಆರುವುದಕ್ಕೂ ಬಿಡದೆ.

"ಇನ್ನೂ... ರೂಪುಗೊಳ್ತಾ ಇದೆ."

"ರೂಪು ಅಂದ್ರೆ ದೊಡ್ಡಗದ್ದವಳ್ಳಿ ದೇವಸ್ಥಾನ ನೋಡಿ. ಅಲ್ಲಿ ಲಕ್ಷ್ಮೀದೇವಿ ಇದಾಳೆ. ಲಕ್ಷ್ಮಿ ಅಂದ್ಮೇಲೆ ಅರ್ಥಶಾಸ್ತ್ರ ತಾನೇ? ನಾನು ನಾಲ್ಕು ಹಳಗನ್ನಡ ಪದ್ಯ ಕೊಡ್ತೀನಿ, ಸೇರಿಸ್ಕೊಳ್ಳಿ."

"ಅದೆಲ್ಲ ಯಾಕಪ್ಪ," ಎಂದು ನಡುವೆ ಬಂದ ವ್ಯಾಯಾಮ ಶಿಕ್ಷಕ ಮಂಜುನಾಥ. ಕೊರವಂಗಲದ ರೈತರ ಮನೆಯವನು, ಹೆಗಲ ಮೇಲೆ ಕೈ ಹಾಕಿದರೆ ಹೆಗಲು ಇಳಿಯುತ್ತಿತ್ತು. "ಆಲೂಗೆಡ್ಡೆ ಮ್ಯಾಲೆ ಬರಿ ಎಬ್ಬಣ್ಣ. ಆಸನ ಜಿಲ್ಲೆಗೆ ಅದ್ಕಿಂತ ದೊಡ್ಡ ಸಬ್ಜೆಕ್ಟ್ ಯಾವ್ದೈತೆ? ನಮ್ಮಣ್ಣನ ಒಲಕ್ಕೆ ಕರ್ಕೊಂಡೋಯ್ತೀನಿ, ಈಗ್ಲೇ ನಡಿ."

ಆ ದಿನ 'ಅಧ್ಯಾಪಕರ ವಿಕಾಸ ದಿನ' ಬೇರೆ. ಮಧ್ಯಾಹ್ನದ ಊಟದ ನಂತರ 'ಪ್ರಬಂಧ ಬರೆಯುವುದು ಹೇಗೆ' ಎಂದು ಉಪನ್ಯಾಸ ಕೊಡಲು ಮೈಸೂರಿನಿಂದ ಅರ್ಥಶಾಸ್ತ್ರದ ಪ್ರೊಫೆಸರ್ ಚೂಡಾಮಣಿ ಬರುವುದಿತ್ತು. ರುದ್ರಪಟ್ಟಣದ ಸಂಗೀತದ ಮನೆತನದ ಹೆಣ್ಣುಮಗಳು. ಜಗಳವಾಡಿದರೂ ತಾಳ ತಪ್ಪುವುದಿಲ್ಲ ಎಂಬ ಖ್ಯಾತಿ. ಬಂದರು. ಕಾರಿನಿಂದಿಳಿದರು. ಬಾಯಿ ತೆರೆದರು. ಸದ್ದೇ ಬರಲಿಲ್ಲ. ದಾರಿಯುದ್ದಕ್ಕೂ ಕಾರಿನ ಕಿಟಕಿ ಮುಚ್ಚಲು ಬಾರದೆ, ತಣ್ಣನೆಯ ಗಾಳಿಗೆ ಗಂಟಲು ಪೂರ್ತಿ ಕಟ್ಟಿಕೊಂಡಿತ್ತು.

ಪ್ರಿನ್ಸಿಪಾಲರು ಕ್ಷಣಕಾಲ ಆಕಾಶ ನೋಡಿದರು. ಆಮೇಲೆ ಅವರ ಮುಖ ಬೆಳಗಿದ್ದನ್ನು ಕಂಡು ಎಬೆನೇಜರ್ ಕಂಬದ ಹಿಂದೆ ಸರಿದ. ಸರಿದದ್ದು ತಡವಾಯಿತು.

"ಬೆಳಿಗ್ಗೆ ಬೇಡಿದ್ದಕ್ಕೆ ಮಧ್ಯಾಹ್ನವೇ ಉತ್ತರ! ಎಬೆನೇಜರ್, ಇವತ್ತು ನಿಮ್ಮ ಪ್ರಬಂಧ ಓದಿ. ಮೇಡಂ ಕೇಳ್ತಾರೆ."

"ಸರ್, ಅದಿನ್ನೂ ಮುಗಿದಿಲ್ಲ..."

"ಮುಗಿದಷ್ಟು ಓದಿ."

ಮುಗಿದಷ್ಟು ಎಂದರೆ ಎದ್ದು ನಿಂತು ನಮಸ್ಕಾರ ಹೇಳಿ ಕೂರಬೇಕಿತ್ತು.

ಎಬೆನೇಜರ್ ಸೈಕಲ್ ಸ್ಟ್ಯಾಂಡಿನ ಕಡೆ ನಡೆದ. ಓಡಿಹೋಗುವ ಉದ್ದೇಶ ಅವನಿಗಿರಲಿಲ್ಲ, ಕಾಲುಗಳಿಗೆ ಇತ್ತು. ಮಂಜುನಾಥ ಅಡ್ಡ ಬಂದ. "ಎಲ್ಲಿಗ್ ಒಂಟ್ಬುಟ್ಟೆ? ನಿಂಗೆ ಬೇಕಿರಾದು ಏಕಾಂತ ಕಣಪ್ಪ" ಎಂದು ಅವನನ್ನು ಕ್ರೀಡಾ ಸಾಮಗ್ರಿಯ ಕೋಣೆಗೆ ತಳ್ಳಿ, ಯಾರೂ ತೊಂದರೆ ಕೊಡಬಾರದೆಂದು ಹೊರಗಿನಿಂದ ಬೀಗ ಹಾಕಿಕೊಂಡು ಹೋದ.

ಗಾಳಿ ಹೋದ ಫುಟ್‌ಬಾಲುಗಳು ಮೂಲೆಯಲ್ಲಿ ಊಟ ಸಿಗದ ಮಕ್ಕಳಂತೆ ಮುಖ ಬಾಡಿಸಿಕೊಂಡು ಬಿದ್ದಿದ್ದವು. ಎಬೆನೇಜರ್ ಹೈಜಂಪಿನ ಹಾಸಿಗೆಯ ಮೇಲೆ ಕುಳಿತು ಬಿಳಿ ಹಾಳೆಯನ್ನು ನೋಡಿದ. ಕಿಟಕಿಯ ಸರಳುಗಳ ನಡುವೆ ಗಿರಿಧರನ ಕೈ ಬಂತು. ಕೈಯಲ್ಲಿ ಒಂದು ಚೀಟಿ. "ಒಂದೇ ಪದ್ಯ, ಆರಂಭಕ್ಕೆ. ಅರ್ಥ ಆಗದೇ ಇದ್ರೂ ಗಾಂಭೀರ್ಯ ಬರತ್ತೆ."

ಕೈ ಹೋಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದು ಕೈ ಬಂತು. ಅದರಲ್ಲಿ ಬೋಂಡ. ಕ್ಯಾಂಟೀನಿನ ಸುಬ್ಬಮ್ಮ.

"ಪಾಪ, ಯಾಕ್ ಸಾ ನಿಮ್ಮುನ್ನ ಕೂಡಾಕವ್ರೆ? ಏನ್ ತಪ್ ಮಾಡುದ್ರಿ?"

"ಪ್ರಬಂಧ ಬರೀಬೇಕು ಸುಬ್ಬಮ್ಮ."

"ಅಯ್, ಬರುದ್ರಾಯ್ತು ಬುಡಿ. ಭಾನ್ವಾರ ನನ್ ಕುಂಬ್ಳಕಾಯ್ ಮಾತ್ರ ನೀವೇ ಕೂಗ್ಬೇಕು. ದ್ಯಾವ್ರು ಯಾವ್ನಾದ್ರೇನು, ನಾನು ವರ್ಸ ವರ್ಸ ಕೊಡಾಕಿಲ್ವಾ? ಓದ್ವರ್ಸ ಅದೇ ಬಳ್ಳಿ ಇನ್ನೊಂದ್ ಕಾಯ ಸಂತೆಗ್ ತಕೊಂಡೋಗಿದ್ದೆ. ಒಬ್ನೂ ತಿರುಗ್ ನೋಡ್ನಿಲ್ಲ. ಇಲ್ಲಿ ನೀವ್ ಕೂಗಿದ್ಕೆ ಆ ಕಂಟ್ರಾಕ್ಟ್ರು, ಬ್ಯಾಂಕ್ನೋರು ಇಬ್ರೂ ಕಿತ್ತಾಡ್ಕಂಡ್ರು. ಅದ್ಯಾಕ್ ಸಾ ಅಂಗೆ?"

"ಅದು ಬೇಡಿಕೆ ಮತ್ತು ಪೂರೈಕೆಯ..." ಎಂದು ಎಬೆನೇಜರ್ ಅಭ್ಯಾಸಬಲದಿಂದ ಶುರು ಮಾಡಿ ನಿಲ್ಲಿಸಿದ. ಬೇಡಿಕೆ? ಬ್ಯಾಂಕಿನ ಮ್ಯಾನೇಜರಿಗೆ ಕುಂಬಳಕಾಯಿ ತಿಂದರೆ ಆಗುವುದಿಲ್ಲ. ಗೆದ್ದವನು ಕಾಯಿಯನ್ನು ಮನೆಗೂ ಒಯ್ದಿರಲಿಲ್ಲ. ಇಷ್ಟು ವರ್ಷ ಪಾಠ ಮಾಡಿದ ಪುಸ್ತಕದಲ್ಲಿ ಇದಕ್ಕೆ ಉತ್ತರ ಎಲ್ಲಿತ್ತು? ಅವನು ಬೋಂಡ ಬಾಯಿಗಿಟ್ಟುಕೊಂಡ. ಅಗಿಯುವುದನ್ನು ಮರೆತ.

ಮಂಜುನಾಥ ಬೀಗ ತೆಗೆದಾಗ ಹಾಳೆಯ ಮೇಲೆ ಒಂದು ಎಣ್ಣೆಯ ಕಲೆ, ಕೆಳಗೆ ಒಂದು ಪ್ರಶ್ನೆ, ಇಷ್ಟೇ ಇತ್ತು.

ಸಭಾಂಗಣದಲ್ಲಿ ಅಧ್ಯಾಪಕರೆಲ್ಲ ಮುದ್ದೆ, ಸೊಪ್ಪಿನ ಸಾರು ಉಂಡು ಕುಳಿತಿದ್ದರು. ಎಬೆನೇಜರ್ "ಮಾನ್ಯರೇ, ಬೆಲೆ ಎಂದರೇನು" ಎಂದು ಆರಂಭಿಸುವಷ್ಟರಲ್ಲಿ ಮೂರನೇ ಸಾಲು ಮಲಗಿತು. ಮುಂದಿನ ಸಾಲಿನಲ್ಲಿ ಶಾಲು ಹೊದ್ದ ಪ್ರೊಫೆಸರ್ ಚೂಡಾಮಣಿ ಮೂಗು ಒರೆಸುತ್ತಿದ್ದರು. ಮುಂದೆ ಹೇಳಲು ಏನೂ ತೋಚದೆ ಅವನ ಗಂಟಲು ತನಗೆ ಗೊತ್ತಿದ್ದ ಏಕೈಕ ದಾರಿ ಹಿಡಿಯಿತು.

"ಸುಬ್ಬಮ್ಮನ ಕುಂಬಳಕಾಯೀ! ಯಾರ್ರೀ ಕೇಳೋರು?"

ಮೂರನೇ ಸಾಲು ಎದ್ದು ಕುಳಿತಿತು. ಮಂಜುನಾಥ ನಿದ್ದೆಗಣ್ಣಿನಲ್ಲಿ ಬೆಲೆಯನ್ನೂ ಹೇಳಿಬಿಟ್ಟ.

"ನೋಡಿ," ಎಂದ ಎಬೆನೇಜರ್, "ಮಂಜುನಾಥ ಈಗ ಕೊಂಡದ್ದು ಏನನ್ನ? ಇಲ್ಲಿ ಕುಂಬಳಕಾಯೇ ಇಲ್ಲ!"

ಅಲ್ಲಿಂದ ಮಾತು ಅವನ ಕೈಯಲ್ಲಿರಲಿಲ್ಲ. ಸಂತೆಯಲ್ಲಿ ಯಾರಿಗೂ ಬೇಡವಾದ ಕಾಯಿ ಚರ್ಚಿನ ಅಂಗಳದಲ್ಲಿ ಯಾಕೆ ಬಂಗಾರವಾಗುತ್ತದೆ? ಗೆದ್ದವನು ಅದನ್ನು ಯಾಕೆ ಮತ್ತೆ ಹರಾಜಿನ ಮೇಜಿಗೇ ಕೊಡುತ್ತಾನೆ? ಒಂದೇ ಕಾಯಿ ಮೂರು ಸಲ ಮಾರಾಟವಾಗಿ ಮೇಜು ಬಿಟ್ಟು ಕದಲುವುದಿಲ್ಲವಲ್ಲ, ಮಾರಿದ್ದು ಏನನ್ನು? ಜನರಿಗೆ ಕೊಡುವ ಆಸೆ ಇರುತ್ತದೆ; ಕೊಡುವುದನ್ನು ನಾಲ್ಕು ಜನ ನೋಡಲಿ ಎಂದೂ ಇರುತ್ತದೆ; ತೋರಿಸಿಕೊಂಡ ಎನಿಸಿಕೊಳ್ಳಲು ಮಾತ್ರ ನಾಚಿಕೆ. ಆ ನಾಚಿಕೆಯನ್ನು ಮುಚ್ಚಲು ಒಂದು ಕುಂಬಳಕಾಯಿ ಬೇಕು. ಎರಡನೇ ಸಾರಿ ಎಂದಮೇಲೆ ಎಷ್ಟು ಹೊತ್ತು ಸುಮ್ಮನಿರಬೇಕು, ಆಗ ಯಾರ ಮುಖ ನೋಡಬೇಕು, ಯಾರ ಹೆಂಡತಿಯ ಮುಖ ನೋಡಬೇಕು, ಎಲ್ಲವನ್ನೂ ಬಿಡಿಸಿ ಹೇಳಿದ.

"ನನಗೆ ಕಾಮಾಲೆ ಆದ ವರ್ಷ ಗಣಿತದವರು ಮೈಕು ಹಿಡಿದು ಹರಾಜು ಮಾಡಿದ್ರು. ಅದೇ ಕಾಯಿ, ಅದೇ ಜನ. ಎಲ್ಲಾ ಸಂತೆ ಬೆಲೆಗೇ ಹೋಯ್ತು. ಒಂದು ಹುಂಜವನ್ನಂತೂ ಯಾರೂ ಕೇಳದೆ ಅದು ಇವತ್ತಿಗೂ ಪ್ರಿನ್ಸಿಪಾಲರ ಕ್ವಾರ್ಟರ್ಸಿನಲ್ಲೇ ಇದೆ." ಅವನು ಮೇಜು ಗುದ್ದಿದ. "ಆದ್ದರಿಂದ ನನ್ನ ತೀರ್ಮಾನ: ಈ ಬೆಲೆಯನ್ನು ಬೇಡಿಕೆಯೂ ಗೊತ್ತು ಮಾಡುವುದಿಲ್ಲ, ಪೂರೈಕೆಯೂ ಮಾಡುವುದಿಲ್ಲ. ಮಾಡುವವನು ಕೂಗುವವನು!"

ಚಪ್ಪಾಳೆ ಬಿತ್ತು. ಗಿರಿಧರ ತನ್ನ ಪದ್ಯ ಬಳಕೆಯಾಗದ್ದನ್ನೂ ಮರೆತು ತಟ್ಟಿದ. ಎಬೆನೇಜರನ ಎದೆಯಲ್ಲಿ ಏನೋ ಹಗುರಾಯಿತು. ಎಷ್ಟೋ ವರ್ಷಗಳ ನಂತರ ತನಗೇ ಉತ್ತರ ಗೊತ್ತಿಲ್ಲದ ಪ್ರಶ್ನೆಯೊಂದನ್ನು ಬೆನ್ನಟ್ಟಿದ್ದ. ಅದು ಇಷ್ಟು ಖುಷಿಯ ಕೆಲಸವೆಂದು ಯಾರೂ ಅವನಿಗೆ ಹೇಳಿರಲಿಲ್ಲ. ಇನ್ನು ಧನ್ಯಾ ಶಾಲೆಯಲ್ಲಿ ಬೇರೆ ಉತ್ತರ ಹೇಳಬಹುದು.

ಚೂಡಾಮಣಿಯವರು ಪ್ರಿನ್ಸಿಪಾಲರ ಕಿವಿಯಲ್ಲಿ ಪಿಸುಗುಟ್ಟಿದರು. ಸಭೆಯೆಲ್ಲ ಮುಂದಕ್ಕೆ ಬಾಗಿತು.

"ಮೇಡಂ ಹೇಳ್ತಾರೆ," ಎಂದರು ಯೋಯೇಲರು, "ಇದು ನಿಜವಾದ ಸಂಶೋಧನೆ. ಎಬೆನೇಜರನ್ನ ಪಿಎಚ್‌ಡಿಗೆ ತಗೋತಾರಂತೆ!"

ಮಂಜುನಾಥ ಶಿಳ್ಳೆ ಹಾಕಿದ. ಚೂಡಾಮಣಿಯವರು ಮತ್ತೆ ಪಿಸುಗುಟ್ಟಿದರು.

"ಆದರೆ ಒಂದೇ ಚರ್ಚಿನ ಹರಾಜು ಸಾಲದಂತೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ನಾಲ್ಕೂ ಕಡೆ ನೋಡಬೇಕಂತೆ. ಕೆಲವು ವರ್ಷ ಬಿಡದೆ."

"ನೋಡ್ತೀನಿ ಸರ್!" ಎಂದ ಎಬೆನೇಜರ್ ಉತ್ಸಾಹದಿಂದ. "ಮೂಲೆಯಲ್ಲಿ ಕೂತು ಬರ್ಕೋತೀನಿ."

ಪಿಸುಮಾತು ಈ ಸಲ ಸ್ವಲ್ಪ ದೀರ್ಘವಾಗಿತ್ತು. ಪ್ರಿನ್ಸಿಪಾಲರ ಮುಖ ಕಾರಿನ ಬಳಿ ಬೆಳಗಿದಂತೆಯೇ ಮತ್ತೆ ಬೆಳಗತೊಡಗಿತು. ಎಬೆನೇಜರ್ ಕಂಬ ಹುಡುಕಿದ. ವೇದಿಕೆಯ ಮೇಲೆ ಕಂಬವಿರಲಿಲ್ಲ.

"ಕೂರೋ ಹಾಗಿಲ್ವಂತೆ. ಬೆಲೆ ಗೊತ್ತು ಮಾಡುವವನು ಕೂಗುವವನು ಅಂತ ನೀವೇ ಸಾಧಿಸಿದ್ದೀರಿ. ಊರಿಗೊಬ್ಬ ಕೂಗಿದರೆ ಹೋಲಿಸೋದು ಹೇಗೆ? ಅದಕ್ಕೇ ನಾಲ್ಕೂ ಊರಲ್ಲಿ ಒಬ್ಬನೇ ಕೂಗಬೇಕಂತೆ."

ಸಭೆ ಎಬೆನೇಜರನ ಕಡೆ ನೋಡಿತು. ಅವನು ತನ್ನ ತೀರ್ಮಾನದಲ್ಲಿ ಒಂದು ತೂತನ್ನಾದರೂ ಹುಡುಕಿದ. ತುಂಬ ಗಟ್ಟಿಯಾಗಿ ಕಟ್ಟಿಬಿಟ್ಟಿದ್ದ.

"ಪ್ರಾರ್ಥಿಸೋಣ" ಎಂದರು ಯೋಯೇಲರು. "ಕರ್ತನೇ, ಈ ಭಾನುವಾರದ ಹರಾಜಿಗಾಗಿ. ಹೊಳೆನರಸೀಪುರದ, ಅರಕಲಗೂಡಿನ, ಚನ್ನರಾಯಪಟ್ಟಣದ ಹರಾಜುಗಳಿಗಾಗಿ."

"ಕರ್ತನೇ, ಕೇಳು" ಎಂದಿತು ಸಭೆ. ಗಿರಿಧರ ಮೊದಲ ಬಾರಿಗೆ ಎರಡೂ ಕಣ್ಣು ಮುಚ್ಚಿದ್ದ.

ಸಂಜೆ ಎಬೆನೇಜರ್ ಸೈಕಲ್ ತಳ್ಳಿಕೊಂಡು ಮನೆಗೆ ಬಂದಾಗ ಧನ್ಯಾ ಜಗಲಿಯ ಮೇಲೆ ಹೋಂವರ್ಕ್ ಹರಡಿಕೊಂಡಿದ್ದಳು. ಅವನು ಪಕ್ಕದಲ್ಲಿ ಕುಳಿತು ಗಂಟಲು ಸರಿಮಾಡಿಕೊಂಡ.

"ಇನ್ಮೇಲೆ ನಿಮ್ಮ ಮಿಸ್ ಕೇಳಿದ್ರೆ, ನಮ್ಮಪ್ಪ ಸಂಶೋಧನೆ ಮಾಡ್ತಾರೆ ಅಂತ ಹೇಳ್ಬೇಕು. ಆಯ್ತಾ?"

"ಅಂದ್ರೆ ಏನ್ ಮಾಡೋದು?"

ಸುಳ್ಳು ಹೇಳುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ. "ನಾಲ್ಕು ಊರಲ್ಲಿ ಹರಾಜು ಹಾಕೋದು" ಎಂದ.

ಧನ್ಯಾ ಪೆನ್ಸಿಲ್ ಕಚ್ಚಿಕೊಂಡು ಸ್ವಲ್ಪ ಯೋಚಿಸಿದಳು. ಆಮೇಲೆ ಅವಳ ಕಣ್ಣು ಅರಳಿತು.

"ಮೊದ್ಲು ಒಂದೇ ಊರಲ್ಲಿ ತಾನೆ? ಹಾಗಾದ್ರೆ ನಿಂಗೆ ಪ್ರಮೋಶನ್ ಆಯ್ತು ಅಂತ ಹೇಳ್ತೀನಿ ಬಿಡಪ್ಪ!"